ಉತ್ತರ ಜಪಾನಿನ ಹುಟ್ಟೂರ ಹಾಡುಗಳು: ಕರೋಕೆಗೆ ಯಾವುದು ಸರಿ, ಹಾಡುವುದು ಹೇಗೆ?

ಪಂಚಮ_ಸೆಂದೈ (ಪ್ರಶ್ನೆ)

ಸೆಂದೈ ಕಚೇರಿಯಲ್ಲಿ ಡಿಸೆಂಬರ್ ಕೊನೆಗೆ ಬೋನೆನ್‌ಕೈ, ಅಂದರೆ ವರ್ಷ ಮುಗಿಸುವ ಊಟದ ಕೂಟ. ಊಟವಾದ ಮೇಲೆ ಕರೋಕೆ. ತಂಡದ ಹಿರಿಯರು ಹೆಚ್ಚಾಗಿ ಅವೊಮೊರಿ, ಇವತೆ, ಅಕಿತ ಕಡೆಯವರು. ಅವರ ನೆಲದ, ಅವರ ಊರಿನ ನೆನಪಿನ ಎಂಕಾ (ಜಪಾನಿನ ಹಳೆಯ ಧಾಟಿಯ ಜನಪ್ರಿಯ ಭಾವಗೀತೆ) ಹಾಡೊಂದನ್ನು ಸರಿಯಾಗಿ ಹಾಡಬೇಕೆಂದಿದೆ. ಆರು ವಾರ ಸಮಯವಿದೆ. ಸುಗಮ ಸಂಗೀತ ಗೊತ್ತು, ಕರ್ನಾಟಕ ಸಂಗೀತದಲ್ಲಿ ವರ್ಣದವರೆಗೆ ಪಾಠವಾಗಿದೆ. ಹಿರಗಾನ (ಉಚ್ಚಾರ ಬರೆಯುವ ಜಪಾನೀ ಲಿಪಿ) ಓದಲು ಬರುತ್ತದೆ, ಕಾಂಜಿ (ಚೀನೀ ಮೂಲದ ಅಕ್ಷರಗಳು) ಕಡಿಮೆ. ಗಂಡು ದನಿ, ಶ್ರುತಿ ಒಂದು ಕಟ್ಟೆ (ಹಾರ್ಮೋನಿಯಂನ ‘ಸಿ’).

ಕೇಳಬೇಕಾದದ್ದು ಇಷ್ಟು: ಮೊದಲ ಸಲಕ್ಕೆ ಯಾವ ಹಾಡು? ಈ ಹಾಡುಗಳ ಸ್ವರಗಳನ್ನು ನಮ್ಮ ರಾಗಗಳ ಮೂಲಕ ಹಿಡಿಯಬಹುದೇ? ಅವರ ‘ಕೊಬುಶಿ’ ಎಂಬ ದನಿಯ ತಿರುವೂ ನಮ್ಮ ಗಮಕವೂ ಒಂದೆಯೇ? ಗಾಯಕಿ ಇಶಿಕವ ಸಯುರಿಯವರ ‘ತ್ಸುಗರು ಕೈಕ್ಯೋ ಫುಯುಗೆಶಿಕಿ’ (ತ್ಸುಗರು ಜಲಸಂಧಿಯ ಚಳಿಗಾಲದ ನೋಟ) ಹಾಡನ್ನು ಗಂಡಸು ಹಾಡಿದರೆ ಸರಿಹೋಗುತ್ತದೆಯೇ?

ತಿಶ್ರನಡೆ

ಆಯ್ಕೆಯ ಬಗ್ಗೆ ನಾನು ಹೇಳುತ್ತೇನೆ. ಸ್ವರದ ವಿಷಯ ಇಲ್ಲಿ ಬೇರೆಯವರು ಚೆನ್ನಾಗಿ ಬಲ್ಲರು.

ಉತ್ತರದ ಹಾಡು ಎಂದೊಡನೆ ಎಲ್ಲವನ್ನೂ ಒಂದೇ ಅಳುದನಿಯಲ್ಲಿ ಹಾಡುವುದು ಹೊರಗಿನವರು ಮಾಡುವ ಮೊದಲ ತಪ್ಪು. ಹಾಡುವ ಪಾತ್ರ ಎಲ್ಲಿ ನಿಂತಿದೆ ಎಂದು ಮೊದಲು ನೋಡಿ. ಟೋಕಿಯೊದಲ್ಲಿ ಕುಳಿತು ಊರನ್ನು ನೆನೆಯುತ್ತಿದೆಯೋ, ಆಗಷ್ಟೇ ರೈಲಿನಿಂದ ಇಳಿದಿದೆಯೋ, ಹಿಮದ ನಡುವೆಯೇ ನಿಂತಿದೆಯೋ? ದನಿ ಎಷ್ಟು ಏರಬೇಕು, ಎಷ್ಟು ತಡೆಯಬೇಕು ಎನ್ನುವುದೆಲ್ಲ ಅಲ್ಲಿಂದಲೇ ಬರುತ್ತದೆ.

‘ಕಿತಗುನಿ ನೊ ಹರು’ ಎಂದರೆ ಉತ್ತರನಾಡಿನ ವಸಂತ. 1977ರ ಏಪ್ರಿಲ್‌ನಲ್ಲಿ ಬಂದ ಹಾಡು. ಹಾಡಿದವರು ಇವತೆಯ ರಿಕುಝೆನ್‌ತಕತದ ಸೆನ್ ಮಸಾವೊ, ರಾಗ ಕಟ್ಟಿದವರು ಎಂದೊ ಮಿನೊರು, ಬರೆದವರು ಇದೆ ಹಕು. ಪಾತ್ರ ಪಟ್ಟಣದಲ್ಲಿದೆ. ಊರಿನಿಂದ ತಾಯಿ ಒಂದು ಸಣ್ಣ ಗಂಟು ಕಳಿಸಿದ್ದಾಳೆ, ಅದನ್ನು ಕಂಡೇ ಮಗನಿಗೆ ಅಲ್ಲಿ ವಸಂತ ಬಂದದ್ದು ತಿಳಿಯುತ್ತದೆ. ಮೂರನೆಯ ಚರಣದಲ್ಲಿ ಅಪ್ಪನೂ ಅಣ್ಣನೂ ನೆನಪಾಗುತ್ತಾರೆ, ಇಬ್ಬರೂ ಮಾತು ಕಡಿಮೆಯವರು. ಅತ್ತು ಕರೆಯುವ ಹಾಡಲ್ಲ ಇದು. ನಡಿಗೆಯ ಲಯ, ಬೆಳಕಿನ ಸ್ವರಗಳು. ಕೊನೆಯಲ್ಲಿ ‘ಊರಿಗೆ ಹೋಗಿಬಿಡಲೇ’ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ, ಹೋಗುತ್ತಾನೆ ಎಂದು ಹಾಡು ಹೇಳುವುದಿಲ್ಲ. ಆ ಸಾಲನ್ನು ಒತ್ತಿ ಹಾಡಿದರೆ ಪ್ರಶ್ನೆ ಹೋಗಿ ನಿರ್ಧಾರವಾಗಿಬಿಡುತ್ತದೆ. ಉಸಿರು ಸ್ವಲ್ಪ ಉಳಿಸಿಕೊಂಡು ಸಡಿಲವಾಗಿ ಬಿಡಿ. ಮೊದಲ ಹಾಡಿಗೆ ನನ್ನ ಮತ ಇದಕ್ಕೇ. ತೆರೆಸಾ ತೆಂಗ್ ಚೀನೀ ಭಾಷೆಯಲ್ಲಿ ಹಾಡಿದ ಮೇಲೆ ಏಷ್ಯಾದ ಎಷ್ಟೋ ಕಡೆ ಈ ಧಾಟಿ ಮನೆಮಾತಾಗಿದೆ, ನಿಮ್ಮ ಕಿವಿಗೂ ಬಿದ್ದಿರಬಹುದು.

‘ತ್ಸುಗರು ಕೈಕ್ಯೋ ಫುಯುಗೆಶಿಕಿ’ಯಲ್ಲಿ ಪಾತ್ರ ನೋಟದ ಒಳಗೇ ಇದೆ. ಅಕು ಯೂ ಬರೆದು, ಮಿಕಿ ತಕಾಶಿ ರಾಗ ಕಟ್ಟಿದ ಇದು ತಿಂಗಳಿಗೊಂದರಂತೆ 12 ಹಾಡುಗಳಿದ್ದ ಆಲ್ಬಮ್ಮಿನಲ್ಲಿ ಡಿಸೆಂಬರ್ ಹಾಡಾಗಿತ್ತು. 1977ರ ಜನವರಿ 1ಕ್ಕೆ ಬಿಡಿಯಾಗಿ ಬಂತು. ಒಬ್ಬಳು ಹೆಂಗಸು ಟೋಕಿಯೊದ ಉಯೆನೊದಿಂದ ರಾತ್ರಿ ರೈಲು ಹಿಡಿದು ಅವೊಮೊರಿಯಲ್ಲಿ ಇಳಿದು, ಸುಮ್ಮನೆ ನಡೆಯುವ ಜನರ ನಡುವೆ ಹಡಗು ಹತ್ತುತ್ತಾಳೆ. ಆ ಸೇಕನ್ ಹಡಗು ಅವೊಮೊರಿಯಿಂದ ಆಚೆ ದಡದ ಹೊಕ್ಕೈದೊ ದ್ವೀಪದ ಹಕೊದಾತೆಗೆ 113 ಕಿಲೋಮೀಟರ್ ನೀರದಾರಿಯನ್ನು ಸುಮಾರು 3 ಗಂಟೆ 50 ನಿಮಿಷದಲ್ಲಿ ದಾಟುತ್ತಿತ್ತು. ಎಡಗಡೆ ತ್ಸುಗರು ಪರ್ಯಾಯ ದ್ವೀಪದ ತುದಿ, ತಪ್ಪಿ ಭೂಶಿರ. ಹಾಡಿನ ಎರಡನೆಯ ಚರಣ ಆ ನೋಟಕ್ಕೇ ತಿರುಗುತ್ತದೆ. 1988ರ ಮಾರ್ಚ್ 13ಕ್ಕೆ ಅದೇ ಜಲಸಂಧಿಯ ಕೆಳಗೆ 53.85 ಕಿಲೋಮೀಟರ್ ಉದ್ದದ ಸೇಕನ್ ರೈಲು ಸುರಂಗ ತೆರೆಯಿತು, ಹಡಗು ನಿಂತಿತು. ಉಯೆನೊದಿಂದ ಹೊರಡುತ್ತಿದ್ದ ರಾತ್ರಿ ರೈಲುಗಳೂ ಈಗಿಲ್ಲ. ನಿಮ್ಮ ಹಿರಿಯರಿಗೆ ಇದು ಬರೀ ಪ್ರೇಮಭಂಗದ ಹಾಡಲ್ಲ, ಅವರು ಊರಿಗೆ ಹೋಗುತ್ತಿದ್ದ ದಾರಿಯ ಹಾಡು. ಹಕ್ಕೋದ ಮರು ಎಂಬ ಹಳೆಯ ಹಡಗನ್ನು ಅವೊಮೊರಿ ನಿಲ್ದಾಣದ ಹತ್ತಿರವೇ ಉಳಿಸಿಕೊಂಡಿದ್ದಾರೆ. ತಪ್ಪಿಯಲ್ಲಿ ಗುಂಡಿ ಒತ್ತಿದರೆ ಈ ಹಾಡು ನುಡಿಯುವ ಕಲ್ಲೊಂದಿದೆ.

ಮೂರನೆಯದು 1964ರ ‘ಆ ಉಯೆನೊ ಎಕಿ’, ಅಂದರೆ ‘ಆಹಾ, ಉಯೆನೊ ನಿಲ್ದಾಣ’. ಹಾಡಿದವರು ಅವೊಮೊರಿಯ ಹಿರೊಸಾಕಿಯ ಇಜವ ಹಚಿರೊ. ಮಾಧ್ಯಮಿಕ ಶಾಲೆ ಮುಗಿಸಿದ 15ರ ಹುಡುಗ ಹುಡುಗಿಯರನ್ನು ಗುಂಪುಗುಂಪಾಗಿ ಟೋಕಿಯೊದ ಕಾರ್ಖಾನೆ, ಅಂಗಡಿಗಳಿಗೆ ಕರೆತಂದ ವಿಶೇಷ ರೈಲುಗಳು 1954ರಿಂದ ಸುಮಾರು ಇಪ್ಪತ್ತು ವರ್ಷ ಓಡಿದವು. ಅವರು ಇಳಿಯುತ್ತಿದ್ದದ್ದು ಉಯೆನೊದಲ್ಲಿ. ಇವತೆಯ ಕವಿ ಇಶಿಕವ ತಕುಬೊಕು ತನ್ನ ಊರಿನ ಮಾತಿನ ಧಾಟಿ ಕೇಳಲೆಂದೇ ನಿಲ್ದಾಣದ ಜಂಗುಳಿಗೆ ಹೋಗುವ ಮಾತನ್ನು 1910ರಷ್ಟು ಹಿಂದೆಯೇ ಪುಟ್ಟ ಕವಿತೆಯಲ್ಲಿ ಬರೆದಿದ್ದರು. ಹಾಗಾಗಿ ಆ ನಿಲ್ದಾಣ ಉತ್ತರದವರಿಗೆ ಮೊದಲಿಂದಲೂ ಅರ್ಧ ಊರೇ. ಆದರೆ ಈ ಹಾಡಿನ ನಡುವೆ ಮಾತಿನ ಭಾಗವಿದೆ, ಮಗ ಅಪ್ಪನಿಗೆ ಹೇಳುವ ಮಾತು. ಉಚ್ಚಾರ ಪಳಗದೆ ಅದನ್ನು ಹೇಳಲು ಹೋದರೆ ಗಂಭೀರವಾದದ್ದು ನಗೆಪಾಟಲಾಗುತ್ತದೆ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಹೊಸೊಕವ ತಕಾಶಿಯವರ ‘ಬೋಕ್ಯೋ ಜೊಂಕರಾ’ (1985) ಕಡೆಗೆ ಈಗ ಹೋಗಬೇಡಿ. ಅದು ತ್ಸುಗರು ಜಾನಪದದ ತಾರಸ್ಥಾಯಿಯ ಎದೆದನಿ ಬೇಡುತ್ತದೆ. ಅಭ್ಯಾಸವಿಲ್ಲದೆ ಕೂಗಿದರೆ ಗಂಟಲು ಕಟ್ಟುತ್ತದೆ.

ಮನಿವರ್ಜ್ಯ

ಸ್ವರಗಳ ವಿಷಯ. ಈ ಹಾಡುಗಳ ತಳದಲ್ಲಿರುವ ಮೇಳದ ಹೆಸರು ‘ಯೊನನುಕಿ’. ಜಪಾನೀಯರು ಹಿಂದೆ ಸ್ವರಗಳನ್ನು ಹಿ, ಫು, ಮಿ, ಯೊ, ಇ, ಮು, ನ ಎಂದು ಎಣಿಸುತ್ತಿದ್ದರು. ಯೊ ನಾಲ್ಕನೆಯದು, ನ ಏಳನೆಯದು, ನುಕಿ ಎಂದರೆ ತೆಗೆದದ್ದು. ನಮ್ಮ ಮಾತಿನಲ್ಲಿ ಮ, ನಿ ವರ್ಜ್ಯ.

ಇದರಲ್ಲಿ ಎರಡು ಬಗೆ. ಮೇಜರ್ ಯೊನನುಕಿ ಎಂದರೆ ಸ ರಿ2 ಗ3 ಪ ದ2 (ಅಂಕೆ ಆ ಸ್ವರದ ಬಗೆ), ನೇರವಾಗಿ ಮೋಹನದ ಸ್ವರಗಳು. ‘ಕಿತಗುನಿ ನೊ ಹರು’ ಈ ಬಗೆಯದು. ಮೈನರ್ ಯೊನನುಕಿ ಎಂದರೆ ಸ ರಿ2 ಗ2 ಪ ದ1. ಇದು ಕಿವಿಗೆ ಕೂರಲು ಒಂದು ಉಪಾಯವಿದೆ. ಇದರ ಪಂಚಮವನ್ನೇ ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿ: ಸ ರಿ1 ಮ1 ಪ ದ1 ಸಿಗುತ್ತದೆ, ಅದು ಕರ್ನಾಟಕ ಶುದ್ಧ ಸಾವೇರಿ. ಹಿಂದುಸ್ತಾನಿ ಕೇಳಿದವರಿಗೆ ಗುಣಕ್ರಿ. ಹಾರ್ಮೋನಿಯಂನಲ್ಲಿ ಬಿಳಿ ಮನೆಗಳಲ್ಲೇ ಎ, ಬಿ, ಸಿ, ಇ, ಎಫ್ ನುಡಿಸಿದರೆ ಮೈನರ್ ಯೊನನುಕಿ. ಅದೇ ಐದು ಮನೆಗಳನ್ನು ‘ಇ’ಯಿಂದ ಶುರುಮಾಡಿದರೆ ಗುಣಕ್ರಿ. ಮೊದಲು ಗುಣಕ್ರಿಯಾಗಿ ಹತ್ತು ನಿಮಿಷ ಹಾಡಿ, ಆಮೇಲೆ ಷಡ್ಜವನ್ನು ‘ಎ’ಗೆ ತಂದು ಹಾಡಿ. ಆ ಮಬ್ಬು ಬಣ್ಣ ಎಲ್ಲಿಂದ ಬರುತ್ತದೆಂದು ಆಗ ತಿಳಿಯುತ್ತದೆ: ರಿ–ಗ ನಡುವೆ ಅರ್ಧ ಸ್ವರ, ಪ–ದ ನಡುವೆ ಅರ್ಧ ಸ್ವರ, ಗ–ಪ ಮತ್ತು ದ–ಸ ನಡುವೆ ದೊಡ್ಡ ಜಿಗಿತ.

‘ತ್ಸುಗರು ಕೈಕ್ಯೋ’ ಈ ಬಣ್ಣದ್ದೇ, ಆದರೆ ಕಟ್ಟುನಿಟ್ಟಾಗಿ ಐದೇ ಸ್ವರಗಳಲ್ಲಿ ನಿಲ್ಲುವುದಿಲ್ಲ. ಹಾಗಾಗಿ ರಾಗಲಕ್ಷಣ ಹಿಡಿದುಕೊಂಡು ಸ್ವರ ಊಹಿಸಬೇಡಿ, ಧಾಟಿಯನ್ನು ಸಾಲುಸಾಲಾಗಿ ಕಿವಿಯಿಂದ ಕಲಿಯಿರಿ.

ಇನ್ನು ಕೊಬುಶಿ. ಅದು ಗಮಕ ಹೌದು, ಆದರೆ ಎಲ್ಲ ಗಮಕವೂ ಕೊಬುಶಿಯಲ್ಲ. ನಮ್ಮಲ್ಲಿ ಮೋಹನದ ಗಾಂಧಾರ, ಧೈವತಗಳನ್ನು ಆಡಿಸಿಯೇ ಹಾಡುವ ರೂಢಿ. ಎಂಕಾದಲ್ಲಿ ಸ್ವರ ಹಿಡಿದಲ್ಲಿ ನೆಟ್ಟಗಿರಬೇಕು, ಹಿಂದಿರುವ ವಾದ್ಯಗಳ ಸ್ವರಮೇಳದೊಂದಿಗೆ ಕೂಡಬೇಕು. ಕಂಪಿತ ಹಾಕಿದರೆ ಗಾಂಧಾರ ಮೇಲೂ ಅಲ್ಲ, ಕೆಳಗೂ ಅಲ್ಲ ಎಂಬಂತಾಗಿ ಆ ಸ್ವರಮೇಳ ಕಲಕುತ್ತದೆ. ಕೊಬುಶಿ ಒಂದು ಸ್ವರಾಕ್ಷರದ ಮೇಲೆ ಚಟ್ಟನೆ ತಿರುಗಿ ಮತ್ತೆ ಅದೇ ಸ್ವರಕ್ಕೆ ಇಳಿಯುವ ಗಂಟು, ಹಿಂದುಸ್ತಾನಿಯ ಚುರುಕು ತಿರುವಾದ ಖಟ್ಕಾಕ್ಕೆ ಹತ್ತಿರ. ಉದಾಹರಣೆಗೆ ಪಂಚಮದ ಮೇಲೆ ಪ–ದ–ಪ–ಗ–ಪ. ತಿರುಗುವುದು ಮೇಳದ ಪಕ್ಕದ ಸ್ವರಕ್ಕೇ, ನಡುವಿನ ಮ, ನಿಗಳನ್ನು ಒರೆಸಿಕೊಂಡು ಹೋಗಬಾರದು. ಒರೆಸಿದರೆ ಜಾರು ಆಗುತ್ತದೆ, ಕೇಳುವವರಿಗೆ ಸ್ವರ ತಪ್ಪಿದಂತೆ ಅನ್ನಿಸುತ್ತದೆ.

ಅಭ್ಯಾಸ ಹೀಗೆ. ಮೆಟ್ರೊನೋಮನ್ನು 60ಕ್ಕೆ ಇಡಿ. ‘ಆ’ಕಾರದಲ್ಲಿ ಪದಪಗ ನಾಲ್ಕು ಸ್ವರ ಒಂದು ಏಟಿಗೆ, ಮುಂದಿನ ಏಟಿಗೆ ಪಂಚಮದಲ್ಲಿ ನಿಲ್ಲಿ. ಸ್ವರಗಳು ಬಿಡಿಬಿಡಿಯಾಗಿ ಕೇಳಿಸುವವರೆಗೆ ವೇಗ ಹೆಚ್ಚಿಸಬೇಡಿ. ಆಮೇಲೆ 72, 84, ಕೊನೆಗೆ 60ರಲ್ಲೇ ಅರ್ಧ ಏಟಿಗೆ ನಾಲ್ಕೂ ಸ್ವರ. ಹೊಟ್ಟೆಯಿಂದ ತಳ್ಳಿದರೆ ಪ್ರತಿ ಸ್ವರಕ್ಕೂ ‘ಹ’ಕಾರ ಸೇರಿ ನಗುವಿನಂತಾಗುತ್ತದೆ. ಉಸಿರು ಒಂದೇ ಸಮ ಇರಲಿ, ತಿರುವು ಗಂಟಲಿನಲ್ಲಾಗಲಿ. ‘ಅ’, ‘ಒ’ಗಳ ಮೇಲೆ ಸುಲಭ, ‘ಇ’ ಮೇಲೆ ಗಂಟಲು ಬಿಗಿಯುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇಡೀ ಚರಣಕ್ಕೆ ಮೂರು ನಾಲ್ಕು ಕೊಬುಶಿ ಧಾರಾಳ. ‘ಕಿತಗುನಿ’ಗಂತೂ ಎರಡು ಸಾಕು.

ಸಾಲಿನ ಕೊನೆಯ ನೀಳ ಸ್ವರ ಬೇರೆ ಕೆಲಸ. ಎರಡು ಏಟು ನಿಲ್ಲಬೇಕಾದರೆ ಮೊದಲ ಏಟು ಗೆರೆ ಎಳೆದಂತೆ ನೇರ, ಎರಡನೆಯದರಲ್ಲಿ ಮಾತ್ರ ನಡುಕ. 60ರ ವೇಗದಲ್ಲಿ ಏಟಿಗೆ ಐದಾರು ಅಲೆ. ಮೊದಲಿಂದಲೇ ನಡುಗಿಸಿದರೆ ಭಾವ ಮೊದಲೇ ಖರ್ಚಾಗಿಬಿಡುತ್ತದೆ.

ನಿಹೊಂಗೊ_ಹುಬ್ಬಳ್ಳಿ

ಮೊದಲಿಗೆ ಒಂದು ಮಾತು ಸೇರಸ್ತೀನ್ರಿ. ‘ಕಿತಗುನಿ ನೊ ಹರು’ ಹಾಡಿದಾತ ಇವತೆಯವರು ಖರೆ, ಬರದವರು ನಾಗಾನೊ ಗುಡ್ಡಗಾಡಿನವರು. ನಾಗಾನೊ ಉತ್ತರದಾಗ ಇಲ್ಲ, ನಡುನಾಡಿನ ಎತ್ತರದ ಥಂಡಿ ಸೀಮಿ. ಹಾಡಿನೊಳಗಿನ ಗಿಡಾನ ಅದನ್ನ ಹೇಳತಾವ. ಎರಡನೇ ಚರಣದಾಗ ಬರೋ ಕರಮತ್ಸು, ಚಳಿಗಾಲಕ್ಕ ಎಲಿ ಉದುರಿಸೋ ಸೂಜಿಎಲಿ ಮರ, ಮೂಲದಾಗ ಆ ನಡುನಾಡಿನ ಗುಡ್ಡದ ಮರ. ಉತ್ತರದಾಗ ಆಮ್ಯಾಲೆ ನೆಟ್ಟು ಬೆಳಸಿದ್ದು. ಹಂಗಂತ ಇವತೆ ಮಂದಿ ಹಾಡನ್ನ ಹೊರಗಿಂದು ಅನ್ನಂಗಿಲ್ಲ, ತಮ್ಮದೇ ಅಂತಾರ. ನೀವು ಮಾತಿಗೆ ಮಾತು ಬಂದಾಗ ‘ಇದು ತೊಹೊಕುದಾಗ (ನಿಮ್ಮ ಹಿರಿಯರ ಆ ಉತ್ತರ ಸೀಮಿ) ಹುಟ್ಟಿದ ಹಾಡು’ ಅಂತ ಭಾಷಣ ಮಾಡಬ್ಯಾಡ್ರಿ, ಅಷ್ಟ.

ಇನ್ನೊಂದು. ಹಾಡಿನಾಗಿನ ‘ಕೊಬುಶಿ’ ಅಂದ್ರ ಹೂವು, ಮ್ಯಾಲಿನವರು ಹೇಳಿದ ಕೊಬುಶಿ ಅಂದ್ರ ದನಿಯ ತಿರುವು. ಉಚ್ಚಾರ ಒಂದ, ಬರಿಯೋ ಕಾಂಜಿ ಬ್ಯಾರೆ. ಆ ಹೂವು ನಮ್ಮ ಸಂಪಿಗಿ ಕುಲದ್ದ ಐತಿ, ಬಿಳಿ ಬಣ್ಣ. ಎಲಿ ಚಿಗುರೋ ಮೊದಲ ಬರೀ ಟೊಂಗಿ ಮ್ಯಾಲೆ ಅರಳತೈತಿ. ಥಂಡಿ ನಾಡಾಗ ಹೊಲದ ಕೆಲಸ ಶುರು ಮಾಡೋದಕ್ಕ ಅದ ಗುರುತು. ಬರೇ ಚೆಂದಕ್ಕಂತ ಇಟ್ಟ ಹೂವಲ್ಲ ಅದು, ಪಂಚಾಂಗ ಇದ್ದಂಗ. ಇದು ತಿಳದ್ರ ಆ ಸಾಲು ಎಷ್ಟು ಹಗುರಾಗಿ ಹಾಡಬೇಕು ಅಂತ ತಾನಾ ಗೊತ್ತಾಗತೈತಿ.

ಹಾಡಿನಾಗ ಬರೋ ‘ಫುರುಸಾತೊ’ ಶಬ್ದಕ್ಕ ತವರು ಅಂತ ಅರ್ಥ ಬರಕೋಬ್ಯಾಡ್ರಿ. ತವರು ಹೆಣ್ಣುಮಕ್ಕಳಿಗೆ. ಇದು ಹುಟ್ಟೂರು, ಬೆಳದ ನೆಲ, ಗಂಡು ಹೆಣ್ಣು ಇಬ್ಬರಿಗೂ.

ಈಗ ಉಚ್ಚಾರ. ಜಪಾನೀ ಭಾಷಿ ಮಾತ್ರೆ ಮ್ಯಾಲೆ ನಡಿತೈತಿ, ಅಕ್ಷರದ ಮ್ಯಾಲೆ ಅಲ್ಲ. ಷಟ್ಪದಿ, ರಗಳೆ ಪ್ರಸ್ತಾರ ಹಾಕಿದವರಿಗೆ ಇದು ಕಷ್ಟ ಇಲ್ರಿ. ಜನರನ್ನ ದಾಟಿಸೋ ಆ ಹಡಗಿಗೆ ‘ರೆನ್ರಕುಸೆನ್’ ಅಂತಾರ. ನಮ್ಮ ಬಾಯಾಗ ಅದು ನಾಕ ಉಚ್ಚಾರ. ಅವರಿಗೆ ರೆ, ನ್, ರ, ಕು, ಸೆ, ನ್, ಒಟ್ಟು ಆರು ಮಾತ್ರೆ. ಹಾಡಿನಾಗ ಆ ‘ನ್’ಗೂ ತನ್ನದೇ ಸ್ವರ ಸಿಗತೈತಿ. ಅದನ್ನ ಹಿಂದಿನ ಅಕ್ಷರಕ್ಕ ಅಂಟಿಸಿದ್ರಿ ಅಂದ್ರ ಮುಂದಿನ ಎಲ್ಲಾ ಶಬ್ದ ಲಯಕ್ಕಿಂತ ಮೊದಲ ಬಂದು ಬೀಳತಾವ. ದ್ವಿತ್ವ ಇದ್ದಲ್ಲಿ ತಡಿಯೋದೂ ಒಂದು ಮಾತ್ರೆ, ದೀರ್ಘದ ಎರಡನೇ ಅರ್ಧನೂ ಒಂದು. ‘ಕೈಕ್ಯೋ’ ಅಂದ್ರ ಕ, ಇ, ಕ್ಯೊ, ಒ.

‘ತ್ಸುಗರು ಕೈಕ್ಯೋ’ದ ಸುರುವಾತಿನ ಸಾಲು ಪೂರಾ ಮೂರು ಮೂರು ಮಾತ್ರೆ ಗಣ, ನಮ್ಮ ಉತ್ಸಾಹ ರಗಳೆ ಗಣ ಇದ್ದಂಗ. ರಾತ್ರಿ ರೈಲಿಗೆ ‘ಯಕೋ ರೆಶ್ಶ’: ಯ-ಕೊ-ಒ, ರೆ-ತಡೆ-ಶ. ಏಟಿಗೆ ಮೂರು. ತಿಶ್ರದಾಗ ತೊಡಿ ತಟ್ಟಿಕೋತ ಬರೀ ಶಬ್ದ ಹೇಳ್ರಿ, ರಾಗ ಬ್ಯಾಡ. ಒಂದು ವಾರ ಅಷ್ಟ ಮಾಡ್ರಿ.

ಶಬ್ದದ ನಡುವಿನ ‘ಗ’ ಎಂಕಾದಾಗ ಮೂಗಿನಿಂದ ಬರಬೇಕು. ಅಂದ್ರ ನಮ್ಮ ಙ. ವರ್ಣಮಾಲಿ ಹೇಳುವಾಗ ಬಿಟ್ರ ನಾವು ಬಿಡಿಯಾಗಿ ಬಳಸದ ಅಕ್ಷರ ಇಲ್ಲಿ ಉಪಯೋಗಕ್ಕ ಬರತೈತಿ. ತ್ಸುಙರು, ಕಿತಙುನಿ, ಫುಯುಙೆಶಿಕಿ. ಶಬ್ದದ ಮೊದಲಿಗೆ ಬಂದ ‘ಗ’ ಮಾತ್ರ ಗಟ್ಟಿ. ಮಾತಾಡುವಾಗ ನುಂಗೋ ‘ಶಿ’, ‘ಕು’, ‘ತ್ಸು’ ಸ್ವರಗಳನ್ನ ಹಾಡಿನಾಗ ನುಂಗಬಾರದು, ಪೂರಾ ದನಿ ಕೊಡ್ರಿ. ‘ಫು’ಗೆ ಕೆಳತುಟಿ ಹಲ್ಲಿಗೆ ತಾಗಬಾರದು, ದೀಪ ಊದಿದಂಗ ಎರಡೂ ತುಟಿ ನಡುವ ಗಾಳಿ.

ಪಂಚಮ_ಸೆಂದೈ

ಎಲ್ಲರಿಗೂ ತುಂಬಾ ಧನ್ಯವಾದ. ‘ಕಿತಗುನಿ’ ಮುಖ್ಯ, ‘ತ್ಸುಗರು’ ಜೊತೆಗೆ ಎಂದು ಇಟ್ಟುಕೊಂಡಿದ್ದೇನೆ. ಎರಡು ಸಂದೇಹ ಉಳಿದಿವೆ. ‘ತ್ಸುಗರು’ ಮೂಲ ಶ್ರುತಿಯಲ್ಲಿ ಒಂದು ಸ್ಥಾಯಿ ಕೆಳಗೆ ಹಾಡಿದರೆ ಮೊದಲ ಸಾಲುಗಳು ಕೇಳಿಸುವುದೇ ಇಲ್ಲ. ಇನ್ನೊಂದು, ಅಂಕ ಕೊಡುವ ಯಂತ್ರದಲ್ಲಿ ಕೊಬುಶಿಯ ಎಣಿಕೆ ಏರುತ್ತದೆ, ಸ್ವರದ ಅಂಕ ಬೀಳುತ್ತದೆ.

ಕೀ_ಪ್ಲಸ್_ನಾಲ್ಕು

ಮೊದಲನೆಯದು ಲೆಕ್ಕದ ಮಾತು. ಯಂತ್ರದ ಕೀ ಗುಂಡಿಯ ಒಂದೊಂದು ಹೆಜ್ಜೆಯೂ ಅರ್ಧ ಸ್ವರ. ನಮ್ಮಲ್ಲಿ ಹೆಂಗಸರ ಶ್ರುತಿ ಐದು ಕಟ್ಟೆ, ಗಂಡಸರದ್ದು ಒಂದು ಕಟ್ಟೆ ಎಂದಿಟ್ಟುಕೊಳ್ಳಿ. ಐದು ಕಟ್ಟೆಯ ಹಾಡನ್ನು ಒಂದು ಸ್ಥಾಯಿ ಕೆಳಗಿಳಿಸಿದರೆ ಅದು ನಿಮ್ಮ ಷಡ್ಜಕ್ಕಿಂತ ಐದು ಅರ್ಧ ಸ್ವರ ಕೆಳಗೆ ಹೋಗಿ ಕೂರುತ್ತದೆ. ಅದಕ್ಕೇ ಮಂದ್ರದಲ್ಲಿ ದನಿ ಸಿಗುತ್ತಿಲ್ಲ. ಮೂಲ ಶ್ರುತಿ ತೋರಿಸುವ ಗುಂಡಿ ಒತ್ತಿ, ಅಲ್ಲಿಂದ +3ಕ್ಕೆ ಏರಿಸಿ ಮೊದಲ ಸಾಲು, ಕೊನೆಯ ಸಾಲು ಎರಡನ್ನೇ ಹಾಡಿ ನೋಡಿ. ಮೊದಲ ಸಾಲು ಇನ್ನೂ ಮಂಕಾಗಿದ್ದರೆ +4, +5. ಹಾಡಿನ ಹೆಸರು ಬರುವ ಕೊನೆಯ ಸಾಲಿನ ಎತ್ತರದಲ್ಲಿ ಕತ್ತಿನ ನರ ಬಿಗಿದರೆ ಒಂದು ಹೆಜ್ಜೆ ಹಿಂದಕ್ಕೆ. ಕೂಟಕ್ಕೆ ಹೋಗುವ ಮೊದಲೇ ಆ ಸಂಖ್ಯೆ ಗೊತ್ತಿರಬೇಕು. ಎಲ್ಲರೆದುರು ಹಾಡುತ್ತಾ ಶ್ರುತಿ ಬದಲಿಸಿದರೆ ಹಾಡೇ ಕುಸಿಯುತ್ತದೆ. ಗಂಡಸರು ಇದನ್ನು ಹಾಡುವುದು ಅಲ್ಲಿ ಮಾಮೂಲು, ಪಾತ್ರ ಹೆಣ್ಣಾದರೂ ಪದ ಬದಲಿಸುವ ಅಗತ್ಯವಿಲ್ಲ.

ಎರಡನೆಯದು: ‘ಡ್ಯಾಮ್’ ಎಂಬ ಕರೋಕೆ ಯಂತ್ರದ ನಿಖರ ಅಂಕಪದ್ಧತಿ ಕೊಬುಶಿ, ಶಕುರಿ, ಫಾಲ್ (ಸ್ವರದ ಕೊನೆಗೆ ಕೆಳಕ್ಕೆ ಜಾರುವುದು), ನಡುಕ ಎಂದು ಬೇರೆಬೇರೆ ಎಣಿಸುತ್ತದೆ. ಶಕುರಿ ಎಂದರೆ ಕೆಳಗಿನಿಂದ ಜಾರಿ ಸ್ವರಕ್ಕೆ ಏರುವುದು. ಕರ್ನಾಟಕ ಸಂಗೀತ ಕಲಿತವರ ಶಕುರಿ ಎಣಿಕೆ ತುಂಬಾ ಏರುತ್ತದೆ, ಏಕೆಂದರೆ ನಾವು ಪ್ರತಿ ಸ್ವರವನ್ನೂ ಅಡಿಯಿಂದ ಎತ್ತಿಕೊಳ್ಳುತ್ತೇವೆ. ಸ್ವರದ ಅಂಕ ಬೀಳುವುದು ಬಹುಪಾಲು ಅಲ್ಲೇ, ಕೊಬುಶಿಯಿಂದಲ್ಲ. ಗೈಡ್ ಮೆಲೊಡಿ (ಯಂತ್ರವೇ ನುಡಿಸುವ ಹಾಡಿನ ಧಾಟಿ) ಆನ್ ಮಾಡಿ, ಅಕ್ಷರ ಬಿಟ್ಟು ಬರೀ ‘ರ’ಕಾರದಲ್ಲಿ ಇಡೀ ಹಾಡನ್ನು ಅಲಂಕಾರವಿಲ್ಲದೆ ಎರಡು ಸಲ ಹಾಡಿ. ಪ್ರತಿ ಸ್ವರದ ತಲೆಗೇ ನೇರ ಹೊಡೆಯಬೇಕು. ಅದಾದ ಮೇಲೆ ಸಾಹಿತ್ಯ, ಕೊನೆಗೆ ಆರಿಸಿಟ್ಟ ಜಾಗದಲ್ಲಿ ಮಾತ್ರ ಕೊಬುಶಿ.

ಪರದೆಯಲ್ಲಿ ಕಾಂಜಿಯ ಮೇಲೆ ಅದರ ಉಚ್ಚಾರ ಹಿರಗಾನದಲ್ಲಿ ಸಣ್ಣದಾಗಿ ಬರುತ್ತದೆ, ಆದ್ದರಿಂದ ಹಿರಗಾನ ಸಾಕು. ಆದರೆ ಅಕ್ಷರದ ಬಣ್ಣ ತಿರುಗಿದ ಮೇಲೆ ಬಾಯಿ ತೆರೆದರೆ ಆಗಲೇ ತಡ. ಎಂಕಾದಲ್ಲಿ ಬೇಕೆಂದೇ ತುಸು ತಡೆದು ಹಾಡುವ ‘ತಮೆ’ ಇದೆ, ನಿಜ. ಅದು ಲಯ ಗೊತ್ತಿದ್ದು ತಡೆಯುವುದು, ಪರದೆ ಓದಿ ತಡವಾಗುವುದು ಬೇರೆ. ಕೇಳುವವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ‘ಕಿತಗುನಿ’ಯ ಮೂರೂ ಚರಣ, ‘ತ್ಸುಗರು’ವಿನ ಎರಡೂ ಚರಣ ಬಾಯಿಪಾಠವಾಗಿರಲಿ. ಕೂಟದ ದಿನ ಗೈಡ್ ಮೆಲೊಡಿ ಆಫ್, ಎಕೋ ಸಾಧಾರಣಕ್ಕಿಂತ ಒಂದು ಹೆಜ್ಜೆ ಕಡಿಮೆ. ಎಕೋ ಹೆಚ್ಚಾದರೆ ಕೊಬುಶಿಯ ನಾಲ್ಕು ಸ್ವರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ತಿಶ್ರನಡೆ

ಕೊನೆಗೊಂದು ರೀತಿನೀತಿ. ಅಲ್ಲಿ ಒಬ್ಬೊಬ್ಬ ಹಿರಿಯರಿಗೂ ‘ಒಹಾಕೊ’ ಎಂಬ, ತಾವು ಯಾವಾಗಲೂ ಹಾಡುವ ಮೆಚ್ಚಿನ ಹಾಡು ಇರುತ್ತದೆ, ಅದನ್ನು ಕಿರಿಯರು ಮೊದಲು ಹಾಡಿಬಿಟ್ಟರೆ ಅವರು ಸುಮ್ಮನಾಗಿಬಿಡುತ್ತಾರೆ. ಅವೊಮೊರಿಯವರದು ‘ತ್ಸುಗರು’ವೇ ಆಗಿರುವ ಸಾಧ್ಯತೆ ಹೆಚ್ಚು. ಒಂದು ವಾರ ಮೊದಲೇ ಊಟದ ಹೊತ್ತಿಗೆ ಕೇಳಿ ತಿಳಿದುಕೊಳ್ಳಿ. ಅವರದ್ದೇ ಆಗಿದ್ದರೆ ನೀವು ‘ಕಿತಗುನಿ’ ಮಾತ್ರ ಹಾಡಿ, ‘ತ್ಸುಗರು’ವಿಗೆ ಅವರ ಜೊತೆ ಎರಡನೆಯ ಚರಣಕ್ಕೆ ದನಿಗೂಡಿಸಿ. ಆಗ ಶ್ರುತಿ ಅವರದ್ದೇ ಇರಲಿ, ಕೀ ಗುಂಡಿ ಮುಟ್ಟಬೇಡಿ.